ವಿಜಯಪುರದಿಂದ ಕ್ಯಾಲಿಫೋರ್ನಿಯಾ ನೆಬ್ಯುಲಾ: ಒಂದೂವರೆ ತಾಸಿನ ಡೇಟಾದಾಗ ಬರೇ ಕೆಂಪು ಮಬ್ಬು

ಗುಮ್ಮಟ_ನೋಟ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರಿ. ಎನ್‌ಜಿಸಿ 1499, ಅಂದ್ರ ಕ್ಯಾಲಿಫೋರ್ನಿಯಾ ನೆಬ್ಯುಲಾ (ಆಕಾಶದಾಗಿನ ಅನಿಲದ ಮೋಡ) ಫೋಟೋ ತೆಗೆಯೋ ವಿಚಾರದಾಗ ಸಲಹಾ ಬೇಕಾಗೇತಿ. ಸೆಟಪ್ ಹಿಂಗೈತಿ:

ಕ್ಯಾನನ್ 200ಡಿ, ಮಾಡಿಫೈ ಮಾಡಿಲ್ಲ (ಸೆನ್ಸರ್ ಮುಂದಿನ ಕೆಂಪು ತಡೆಯೋ ಫಿಲ್ಟರ್ ತೆಗಸಿಲ್ಲ). 250 ಎಂಎಂ ಎಫ್/4.9 ರಿಫ್ರ್ಯಾಕ್ಟರ್. ಸ್ಟಾರ್ ಅಡ್ವೆಂಚರರ್ 2ಐ ಟ್ರ್ಯಾಕರ್ (ಚುಕ್ಕಿ ಸರದಂಗ ಕ್ಯಾಮೆರಾ ತಿರುಗಿಸೋ ಯಂತ್ರ). ಗೈಡಿಂಗ್ (ಇನ್ನೊಂದು ಕ್ಯಾಮೆರಾ ಚುಕ್ಕಿ ನೋಡಿ ಟ್ರ್ಯಾಕರ್ ತಿದ್ದೂದು) ಇಲ್ಲ, ಫಿಲ್ಟರ್ ಇಲ್ಲ. ಐಎಸ್‌ಒ 1600, 60 ಸೆಕೆಂಡಿನ 90 ಫ್ರೇಮ್. ಡಾರ್ಕ್ (ಲೆನ್ಸ್ ಮುಚ್ಚಿ ತೆಗೆದ ಫ್ರೇಮ್) 15, ಫ್ಲ್ಯಾಟ್ (ಒಂದೇ ಸಮ ಬೆಳಕಿನ ಫ್ರೇಮ್) ತೆಗೆದಿಲ್ಲ. ಜಾಗ ಊರ ಹೊರಗ, ಬಬಲೇಶ್ವರ ರಸ್ತೆ ಕಡೆ.

ಸ್ಟ್ಯಾಕ್ ಮಾಡಿ (ಫ್ರೇಮೆಲ್ಲಾ ಕೂಡಿಸಿ) ಸ್ಟ್ರೆಚ್ ಮಾಡಿದ (ಮಸುಕು ಭಾಗ ಬೆಳಗಿಸಿದ) ಮ್ಯಾಲೆ ನೆಬ್ಯುಲಾ ಇರೋ ಜಾಗದಾಗ ತೆಳ್ಳಗ ಕೆಂಪು ಮಬ್ಬು ಅಷ್ಟ. ನಾಕೂ ಮೂಲಿ ಕಪ್ಪು, ನಡುವ ಬೆಳಕಿನ ಗುಂಡು. ಓರೆ ಗೆರಿ ಹೊಡದಂಗ ಒಂದು ನಾಯ್ಸ್. ಸುಮಾರು ಫ್ರೇಮ್‌ನಾಗ ಚುಕ್ಕಿ ಉದ್ದ ಆಗ್ಯಾವ. ಒಂದೊಂದು ಫ್ರೇಮ್ 5 ನಿಮಿಷಕ್ಕ ಏರಿಸಿದರ ಸರಿ ಆದೀತೇನ್ರಿ?

ಘಟಪ್ರಭಾ_ದಂಡಿ, ಬಾಗಲಕೋಟೆ

5 ನಿಮಿಷಕ್ಕ ಏರಿಸಬ್ಯಾಡ್ರಿ ಸರ್. ಏರಿಸಿದರ ಇದ್ದ ಕಾಟ ಜಾಸ್ತಿನ ಆಗತಾವ. ನೀವು ಹೇಳಿದ್ದು ನಾಕು ಬ್ಯಾರೆ ಬ್ಯಾರೆ ರೋಗ, ಒಂದ ಗುಳಿಗಿಗೆ ಹೋಗಂಗಿಲ್ಲ.

ಮೂಲಿ ಕಪ್ಪಾಗೂದು ವಿನ್ಯೆಟಿಂಗ್. ಅದಕ್ಕ ಫ್ಲ್ಯಾಟ್ ಬಿಟ್ಟರ ಬ್ಯಾರೆ ಮದ್ದಿಲ್ಲ. ಕ್ಯಾಲಿಫೋರ್ನಿಯಾದ ಉದ್ದನ ಎರಡೂವರೆ ಡಿಗ್ರಿ, ನಿಮ್ಮ ಫ್ರೇಮ್ 5.1 ಗುಣಿಸು 3.4 ಡಿಗ್ರಿ. ಅಂದ್ರ ನೆಬ್ಯುಲಾ ಫ್ರೇಮಿನ ಅರ್ಧದಷ್ಟು ಹರಡಿರತೈತಿ. ಆಕಾಶದ ಬೆಳಕಿನ ಮ್ಯಾಲೆ ಅದರ ಬೆಳಕು ಕೆಲವೇ ಶೇಕಡಾ, ವಿನ್ಯೆಟಿಂಗ್ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ಫ್ಲ್ಯಾಟ್ ಇಲ್ಲದ ಮಸುಕು ನೆಬ್ಯುಲಾ ಎಬ್ಬಿಸಾಕ ಕುಂತರ ನೀವು ಎಬ್ಬಿಸೂದು ಲೆನ್ಸಿನ ನೆರಳನ್ನ.

ಓರೆ ಗೆರಿ ನಾಯ್ಸ್ ಅಂದ್ರ ವಾಕಿಂಗ್ ನಾಯ್ಸ್. ಕೂಲಿಂಗ್ ಇಲ್ಲದ ಡಿಎಸ್‌ಎಲ್‌ಆರ್‌ನಾಗ ಬಿಸಿ ಪಿಕ್ಸೆಲ್ಲು, ಸೆನ್ಸರಿನ ಖಾಯಂ ಕಲಿ ಎಲ್ಲಾ ಫ್ರೇಮ್‌ನಾಗೂ ಒಂದ ಜಾಗದಾಗ ಇರತಾವ. ಪೋಲಾರ್ ಅಲೈನ್‌ಮೆಂಟ್ (ಟ್ರ್ಯಾಕರಿನ ಅಕ್ಷ ಆಕಾಶದ ಧ್ರುವಕ್ಕ ಹೊಂದಿಸೂದು) ಸ್ವಲ್ಪ ತಪ್ಪಿ ಚುಕ್ಕಿಗಳು ನಿಧಾನಕ ಒಂದ ದಿಕ್ಕಿಗೆ ಸರದಂಗೆಲ್ಲಾ, ಸ್ಟ್ಯಾಕಿಂಗ್ ಚುಕ್ಕಿ ಹೊಂದಿಸಿಕೋತ ಆ ಕಲಿಗಳನ್ನ ಸಾಲಾಗಿ ಎಳೀತೈತಿ. ಇದಕ್ಕ ಡಿದರಿಂಗ್ (ನಡುನಡುವ ಫ್ರೇಮ್ ಸ್ವಲ್ಪ ಸರಿಸೂದು) ಬೇಕು. 15 ಡಾರ್ಕ್ ಕಮ್ಮಿ ಆತು, 30 ಇರಲಿ, ಲೈಟ್ (ಆಕಾಶದ ಫ್ರೇಮ್) ತೆಗೆದಷ್ಟ ಸೆಕೆಂಡು, ಅದ ಐಎಸ್‌ಒ, ಅದ ಚಳಿಯಾಗ. ಡಾರ್ಕ್ ಕರೆಂಟ್ (ಬಿಸಿಗೆ ಸೆನ್ಸರಿನ್ಯಾಗ ಹುಟ್ಟೋ ಸಿಗ್ನಲ್) ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆ ಇಮ್ಮಡಿ ಆಗತೈತಿ. ಮನ್ಯಾಗ 26 ಡಿಗ್ರಿಯಾಗ ತೆಗೆದ ಡಾರ್ಕು, ಹೊಲದಾಗ 15 ಡಿಗ್ರಿಯಾಗ ತೆಗೆದ ಲೈಟಿಗೆ ಹೊಂದಂಗಿಲ್ಲ. ಕ್ಯಾಮೆರಾದಾಗಿನ ಲಾಂಗ್ ಎಕ್ಸ್‌ಪೋಜರ್ ನಾಯ್ಸ್ ರಿಡಕ್ಷನ್ ಬಂದ್ ಇಡ್ರಿ, ಅದು ಅರ್ಧ ರಾತ್ರಿ ತಿಂದುಬಿಡತೈತಿ.

ಚುಕ್ಕಿ ಉದ್ದ ಆಗೂದರ ಲೆಕ್ಕ ನೋಡ್ರಿ. 3.72 ಮೈಕ್ರಾನ್ ಪಿಕ್ಸೆಲ್ಲು, 250 ಎಂಎಂ: ಪಿಕ್ಸೆಲ್‌ಗೆ 3.07 ಆರ್ಕ್‌ಸೆಕೆಂಡ್ (3600 ಆರ್ಕ್‌ಸೆಕೆಂಡಿಗೆ ಒಂದು ಡಿಗ್ರಿ). ನಿಮ್ಮ ಟ್ರ್ಯಾಕರಿನ ವರ್ಮ್ (ತಿರುಪಿನಂಥ ಗಿಯರ್) ಒಂದು ಸುತ್ತು ಹಾಕಾಕ ಹತ್ತು ನಿಮಿಷದ ಹತ್ತಿರ ಬೇಕು. ಪಿರಿಯಾಡಿಕ್ ಎರರ್ (ಸುತ್ತಿಗೊಮ್ಮೆ ಮರುಕಳಿಸೋ ಗಿಯರಿನ ತಪ್ಪು) ಆಚೆ-ಈಚೆ 20 ಆರ್ಕ್‌ಸೆಕೆಂಡ್ ಅಂತ ಹಿಡಿದರ, ಅದು ಜೋರಾಗಿ ಓಡೋ ಹೊತ್ತಿನ್ಯಾಗ ಸೆಕೆಂಡಿಗೆ 0.21. ಒಂದು ನಿಮಿಷಕ್ಕ 12 ಚಿಲ್ಲರ ಆರ್ಕ್‌ಸೆಕೆಂಡ್, ಅಂದ್ರ ನಾಕು ಪಿಕ್ಸೆಲ್. ಹೊಳ್ಳೋ ಹೊತ್ತಿನ್ಯಾಗ ಏನೂ ಇರಂಗಿಲ್ಲ. ಹಂಗಾಗಿ ಕೆಲವು ಫ್ರೇಮ್ ಚಲೋ, ಕೆಲವು ಕೆಟ್ಟ. 5 ನಿಮಿಷ ಮಾಡಿದರ ಒಂದೂ ಉಳಿಯಂಗಿಲ್ಲ.

ಕುಂದಾನಗರಿ_ಲೆನ್ಸ್, ಬೆಳಗಾವಿ

ಘಟಪ್ರಭಾ ಸರ್ ಹೇಳಿದ್ದು ಬರೋಬ್ಬರಿ ಐತಿ. ಪೋಲಾರ್ ಅಲೈನ್‌ಮೆಂಟ್ ಬಗ್ಗೆ ಇನ್ನಷ್ಟು ಹೇಳತೇನಿ, ನಮ್ಮ ಕಡೆ ಅದರದ್ದೊಂದು ಬ್ಯಾರೆ ಕಥಿ.

ವಿಜಯಪುರದ ಅಕ್ಷಾಂಶ 16.8 ಡಿಗ್ರಿ, ಬೆಳಗಾವಿದು 15.85. ಧ್ರುವ ನಕ್ಷತ್ರ ಅಷ್ಟ ಎತ್ತರಕ್ಕ ಸಿಗತೈತಿ, ಒಂದು ಬೇವಿನ ಗಿಡ ಅಡ್ಡ ಬಂದರ ಮುಗೀತು. ಆ ಎತ್ತರದಾಗ ನೆತ್ತಿ ಮ್ಯಾಲಿನಕ್ಕಿಂತ ಮೂರೂವರೆ ಪಟ್ಟು ಗಾಳಿ ದಾಟಿ ಬೆಳಕು ಬರಬೇಕು, ಧೂಳಿದ್ದ ದಿನ ಪೋಲಾರ್ ಸ್ಕೋಪಿನ್ಯಾಗ (ಧ್ರುವ ನೋಡಾಕ ಟ್ರ್ಯಾಕರಿನ್ಯಾಗ ಇರೋ ಸಣ್ಣ ದುರ್ಬೀನು) ಹುಡುಕಾಡಬೇಕಾಗತೈತಿ. ಹಂಗಂತ ಧ್ರುವವನ್ನ ಅಡ್ಡಗೆರಿ ನಟ್ಟನಡುವ ಇಟ್ಟು ಸಾಕು ಅಂದ್ಕೋಬ್ಯಾಡ್ರಿ. ಅದು ಖರೇ ಧ್ರುವಬಿಂದುವಿನಿಂದ ಸುಮಾರು 38 ಆರ್ಕ್‌ಮಿನಿಟ್ (60 ಆರ್ಕ್‌ಮಿನಿಟಿಗೆ ಒಂದು ಡಿಗ್ರಿ) ದೂರ ಐತಿ. ಅಲೈನ್‌ಮೆಂಟ್ ಒಂದು ಆರ್ಕ್‌ಮಿನಿಟ್ ತಪ್ಪಿದರ ನಿಮಿಷಕ್ಕ ಹೆಚ್ಚಂದ್ರ 0.26 ಆರ್ಕ್‌ಸೆಕೆಂಡ್ ಸರೀತೈತಿ. 38 ತಪ್ಪಿದರ ನಿಮಿಷಕ್ಕ 10, ನಿಮ್ಮ ಸೆಟಪ್ಪಿನ್ಯಾಗ ಮೂರು ಪಿಕ್ಸೆಲ್ಲಿಗಿಂತ ಜಾಸ್ತಿ. 5 ಆರ್ಕ್‌ಮಿನಿಟ್ ಒಳಗ ತಂದರ 2 ನಿಮಿಷದ ಫ್ರೇಮಿಗೂ ಒಂದು ಪಿಕ್ಸೆಲ್ ದಾಟಂಗಿಲ್ಲ.

ಲ್ಯಾಪ್‌ಟಾಪ್ ಒಯ್ಯಾಕ ಆದರ ನೀನಾ ಸಾಫ್ಟ್‌ವೇರಿನ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಹಾಕ್ರಿ. ಆಕಾಶದ ಮೂರು ಜಾಗದ ಫೋಟೋ ಪ್ಲೇಟ್‌ಸಾಲ್ವ್ ಮಾಡಿ (ಚುಕ್ಕಿ ಗುರುತು ಹಿಡಿದು ಜಾಗ ಪತ್ತೆ ಹಚ್ಚಿ) ಅಕ್ಷ ಎಲ್ಲಿಗೆ ತೋರಸತೈತಿ ಅಂತ ಲೆಕ್ಕ ಹಾಕತೈತಿ, ಧ್ರುವ ಕಾಣಬೇಕಂತಿಲ್ಲ. ಉತ್ತರಕ್ಕ ಮನಿ, ಗುಡ್ಡ ಇದ್ದವರಿಗೆ ಇದ ದಾರಿ. ಒಂದು ಸಣ್ಣ ಮಾತು: 17 ಡಿಗ್ರಿ ಎತ್ತರದಾಗ ವಾತಾವರಣ ಬೆಳಕು ಬಗ್ಗಿಸೂದ್ರಿಂದ ಧ್ರುವ 3 ಆರ್ಕ್‌ಮಿನಿಟ್ ಮ್ಯಾಲೆ ಕಾಣತೈತಿ. ಪೋಲಾರ್ ಸ್ಕೋಪಿಗೂ ಸಾಫ್ಟ್‌ವೇರಿಗೂ ಅಷ್ಟು ವ್ಯತ್ಯಾಸ ಬಂದರ ಗಾಬರಿ ಆಗಬ್ಯಾಡ್ರಿ.

ಅಕ್ಷ ಇಷ್ಟು ಮಲಗಿರೂದ್ರಿಂದ ಕೌಂಟರ್‌ವೇಟ್ ಸಲಾಕಿ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯೋ ಸಂಭವ ಐತಿ. ಯುರೋಪಿನವರ ವಿಡಿಯೋದಾಗ ಇದು ಬರಂಗಿಲ್ಲ, ಅವರ ಅಕ್ಷ 50 ಡಿಗ್ರಿಗೆ ನಿಂತಿರತೈತಿ. ಕತ್ತಲಾಗೂ ಮುಂಚೆ ಕೈಲೆ ಪೂರಾ ತಿರುಗಿಸಿ ನೋಡ್ರಿ. ಬಡಿದರ ಉತ್ತರಕ್ಕ ಒಂದು ಕಾಲು ಬದ್ಲಿ ಎರಡು ಕಾಲಿನ ಸಂದು ಬರಂಗ ಟ್ರೈಪಾಡ್ ತಿರುಗಸ್ರಿ, ಕಾಲು ಅಗಲ ಮಾಡ್ರಿ, ಇಲ್ಲಾಂದ್ರ ನಡುವ ಒಂದು ಎಕ್ಸ್‌ಟೆನ್ಷನ್ ತುಂಡು ಹಾಕ್ರಿ.

ಇನ್ನ ಎಲ್ಲಾಕಿಂತ ದೊಡ್ಡ ಕಾರಣ ಕ್ಯಾಮೆರಾದ್ದು. ಈ ನೆಬ್ಯುಲಾದ ಬೆಳಕು ಹೆಚ್ಚೂಕಡಿಮಿ ಪೂರಾ ಹೈಡ್ರೋಜನ್ ಆಲ್ಫಾ, 656.3 ನ್ಯಾನೋಮೀಟರಿನ ಕೆಂಪು. ಮಾಡಿಫೈ ಮಾಡದ ಕ್ಯಾನನ್ನಿನ ಸೆನ್ಸರ್ ಮುಂದಿನ ಫಿಲ್ಟರ್ ಅದರಾಗ ಸುಮಾರು ಕಾಲು ಭಾಗ ಅಷ್ಟ ಒಳಗ ಬಿಡತೈತಿ. ಮ್ಯಾಲೆ ಬೇಯರ್ (ಬಣ್ಣಬಣ್ಣದ ಪಿಕ್ಸೆಲ್ ಜೋಡಿಸಿದ) ಸೆನ್ಸರಿನ್ಯಾಗ ಕೆಂಪು ಪಿಕ್ಸೆಲ್ ನಾಕಕ್ಕೊಂದು. 7 ನ್ಯಾನೋಮೀಟರಿನ ಡ್ಯುಯಲ್‌ಬ್ಯಾಂಡ್ ಫಿಲ್ಟರ್ (ಹೈಡ್ರೋಜನ್, ಆಕ್ಸಿಜನ್ನಿನ ಬೆಳಕು ಅಷ್ಟ ಬಿಡೋದು) ಒಂದು ತಗೋರಿ ಅಂತ ನನ್ನ ಸಲಹಾ.

ಘಟಪ್ರಭಾ_ದಂಡಿ, ಬಾಗಲಕೋಟೆ

ಇಲ್ಲಿ ನಾ ಒಪ್ಪಂಗಿಲ್ರಿ. ಮಾಡಿಫೈ ಆಗದ ಕ್ಯಾಮೆರಾಕ್ಕ ಡ್ಯುಯಲ್‌ಬ್ಯಾಂಡ್ ಹಾಕಿದರ ಆಕಾಶದ ಬೆಳಕು ಕತ್ತರಿಸಿ ಹೋಗತೈತಿ ಖರೆ, ಆದರ ಬರೋ ಆಲ್ಫಾ ಅದ ಕಾಲು ಭಾಗ. ಹಿನ್ನೆಲಿ ಅಷ್ಟು ಕತ್ತಲಾದರ 60 ಸೆಕೆಂಡಿನ್ಯಾಗ ರೀಡ್ ನಾಯ್ಸೇ (ಫ್ರೇಮ್ ಓದುವಾಗ ಕ್ಯಾಮೆರಾ ಸೇರಿಸೋ ನಾಯ್ಸ್) ಆಳತೈತಿ, 5 ನಿಮಿಷದ ಫ್ರೇಮ್ ಬೇಕಾಗತೈತಿ. ಅದಕ್ಕ ಗೈಡಿಂಗ್ ಬೇಕು, ಗೈಡಿಂಗಿಗೆ ಇನ್ನೊಂದು ಕ್ಯಾಮೆರಾ, ಲ್ಯಾಪ್‌ಟಾಪ್, ದೊಡ್ಡ ಬ್ಯಾಟರಿ. ಫಿಲ್ಟರ್ ಒಂದು ತರಾಕ ಹೋಗಿ ಅರ್ಧ ಅಂಗಡಿ ತಂದಂಗ.

ಮೊದಲು ಕ್ಯಾಮೆರಾ ಮಾಡಿಫೈ, ಆಮ್ಯಾಲೆ ಗೈಡಿಂಗ್, ಕಡೀಕ ಫಿಲ್ಟರ್. ಮಾಡಿಫೈ ಮಾಡಿದರ ಆಲ್ಫಾ ಮೂರ್ನಾಕು ಪಟ್ಟು ಬರತೈತಿ. ಆಕಾಶದ ನಾಯ್ಸ್ ಆಳೋ ಕಡೆ ಸಿಗ್ನಲ್ ಮೂರು ಪಟ್ಟು ಅಂದ್ರ ಟೈಮಿನ ಲೆಕ್ಕದಾಗ ಒಂಬತ್ತು ಪಟ್ಟು. ಕೆಂಪು ಚಾನೆಲ್ಲಿನ್ಯಾಗ ಆಕಾಶದ ಬೆಳಕೂ ಸ್ವಲ್ಪ ಏರೂದ್ರಿಂದ ಪೂರಾ ಒಂಬತ್ತು ಸಿಗಂಗಿಲ್ಲ, ಆದರೂ ಇದಕ್ಕಿಂತ ಅಗ್ಗದ ಲಾಭ ಬ್ಯಾರೆ ಯಾವುದೂ ಇಲ್ಲ.

ಮಾಡಿಫೈ ಮಾಡಸಾಕ ಕೊಟ್ಟಾಗ ಬರೇ ಕಲರ್ ಕರೆಕ್ಷನ್ ಫಿಲ್ಟರ್ ತೆಗಸ್ರಿ, ಯುವಿ-ಐಆರ್ ತಡೆಯೋ ಗಾಜು ಇರಲಿ. ಎರಡೂ ತೆಗೆದರ ಇನ್‌ಫ್ರಾರೆಡ್ ನುಗ್ಗಿ ಚುಕ್ಕಿ ಉಬ್ಬತಾವ, ಆಟೋಫೋಕಸ್ಸೂ ಸರೀತೈತಿ. ಹಗಲು ಫೋಟೋಕ್ಕ ಕಸ್ಟಮ್ ವೈಟ್ ಬ್ಯಾಲೆನ್ಸ್ ಇಡಬೇಕು, ಮದಿವಿ ಫೋಟೋ ತೆಗೆಯೋ ಕ್ಯಾಮೆರಾ ಆಗಿದ್ದರ ಮುಟ್ಟಬ್ಯಾಡ್ರಿ. ವಾರಂಟಿ ಹೋಗತೈತಿ, ಅದು ಗೊತ್ತಿರೂದ.

ಕುಂದಾನಗರಿ_ಲೆನ್ಸ್, ಬೆಳಗಾವಿ

ಕತ್ತಲ ಜಾಗಕ್ಕ ಹೋಗಾಕ ಆಗೋರಿಗೆ ನಿಮ್ಮ ಕ್ರಮ ಸರಿ. ಊರಾಗ ಮಾಳಿಗಿ ಮ್ಯಾಲಿಂದ ತೆಗೆಯೋರಿಗೆ ಫಿಲ್ಟರ್ ಮೊದಲು ಬೇಕ ಬೇಕು. ಅರ್ಧ ಚಂದ್ರ ಇದ್ದರೂ ಆಲ್ಫಾ ಬರತೈತಿ, ತಿಂಗಳಿಗೆ ಐದಾರು ರಾತ್ರಿ ಬದ್ಲಿ ಹದಿನೈದರ ತನಕ ಕೆಲಸ ಮಾಡಬಹುದು. ಆಕ್ಸಿಜನ್ ಚಾನೆಲ್ ಚಂದ್ರನ ಬೆಳಕಿಗೆ ಕೆಡತೈತಿ, ಆದರ ಕ್ಯಾಲಿಫೋರ್ನಿಯಾದಾಗ ಆಕ್ಸಿಜನ್ ಭಾಳ ತೆಳು, ಲುಕ್ಸಾನ್ ಇಲ್ಲ.

ಎಫ್/2 ಲೆನ್ಸ್ ಇಟ್ಟುಕೊಂಡೋರು 3 ನ್ಯಾನೋಮೀಟರಿನ ಫಿಲ್ಟರ್ ತರೋ ಮುಂಚೆ ವಿಚಾರ ಮಾಡ್ರಿ. ಲೆನ್ಸಿನ ಹಿಂದ ಹಾಕಿದರ ಬೆಳಕು ಓರೆಯಾಗಿ ಬರೂದ್ರಿಂದ ಪಾಸ್‌ಬ್ಯಾಂಡ್ (ಫಿಲ್ಟರ್ ಒಳಗ ಬಿಡೋ ಬಣ್ಣದ ಪಟ್ಟಿ) ನೀಲಿ ಕಡೆ ಸರದು ಆಲ್ಫಾ ಹೊರಗ ಉಳೀತೈತಿ. ಎಫ್/4.9ಕ್ಕ 7 ನ್ಯಾನೋಮೀಟರ್ ಆರಾಮ.

ರೋಹಿಣಿ_ಬಾದಾಮಿ

ಎಷ್ಟು ಸೆಕೆಂಡ್ ಇಡಬೇಕು ಅನ್ನೋದಕ್ಕೆ ಅಂದಾಜು ಬೇಕಾಗಿಲ್ಲ, ಅಳತೆ ಮಾಡಬಹುದು. ಲೆನ್ಸ್ ಮುಚ್ಚಿ, ಅತಿ ಕಡಿಮೆ ಶಟರಿನಲ್ಲಿ ಒಂದು ಬಯಾಸ್ ತೆಗೆಯಿರಿ. ಅದೇ ಐಎಸ್‌ಒದಲ್ಲಿ ಒಂದು ಲೈಟ್ ತೆಗೆಯಿರಿ. ಸಿರಿಲ್ ಸಾಫ್ಟ್‌ವೇರಿನಲ್ಲಿ ಎರಡನ್ನೂ ಡಿಬೇಯರ್ ಮಾಡದೆ (ಬಣ್ಣದ ಚಿತ್ರವಾಗಿ ಬದಲಿಸದೆ) ತೆರೆದು, ಚುಕ್ಕಿ ಇಲ್ಲದ ಒಂದು ಸಣ್ಣ ಚೌಕ ಆರಿಸಿ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಚಾನೆಲ್ ಪ್ರಕಾರ ಸಿಗ್ಮಾ (ಪಿಕ್ಸೆಲ್ ಬೆಲೆಗಳ ಏರುಪೇರು) ನೋಡಿ. ಕೆಂಪು ಚಾನೆಲ್ಲಿನಲ್ಲಿ ಲೈಟಿನ ಸಿಗ್ಮಾ ಬಯಾಸಿನ ಸಿಗ್ಮಾದ 3.3 ಪಟ್ಟು ಇದ್ದರೆ ಆಕಾಶದ ನಾಯ್ಸ್ ರೀಡ್ ನಾಯ್ಸನ್ನು ಮುಳುಗಿಸಿದೆ ಅಂತ ಅರ್ಥ, ರೀಡ್ ನಾಯ್ಸಿನಿಂದ ಆಗುವ ನಷ್ಟ 5 ಶೇಕಡಾ ಮಾತ್ರ. ಎರಡು ಪಟ್ಟು ಇದ್ದರೂ ನಷ್ಟ 15 ಶೇಕಡಾ, ಅದಕ್ಕೂ ಹೆದರಬೇಕಿಲ್ಲ. ಅಲ್ಲಿಂದ ಮೇಲೆ ಫ್ರೇಮ್ ಉದ್ದ ಮಾಡಿದರೆ ಚುಕ್ಕಿ ಸುಟ್ಟು ಬಿಳಿಯಾಗುತ್ತವೆ, ಗಾಳಿಗೆ ಒಂದು ಫ್ರೇಮ್ ಹೋದರೆ ಐದು ನಿಮಿಷ ಹೋಗುತ್ತದೆ, ಲಾಭ ಏನೂ ಇಲ್ಲ. ಫಿಲ್ಟರ್ ಇಲ್ಲದೆ, ಊರಂಚಿನ ಆಕಾಶದಲ್ಲಿ, ಎಫ್/4.9ಕ್ಕೆ 60 ಸೆಕೆಂಡೇ ಸಾಕಾಗುವ ಸಾಧ್ಯತೆ ಹೆಚ್ಚು.

ಬೇಕಾಗಿರುವುದು ಒಟ್ಟು ಹೊತ್ತು. ಸಿಗ್ನಲ್-ನಾಯ್ಸ್ ಅನುಪಾತ ಒಟ್ಟು ಹೊತ್ತಿನ ವರ್ಗಮೂಲದಂತೆ ಏರುತ್ತದೆ: ಒಂದೂವರೆ ತಾಸನ್ನು ಆರು ತಾಸು ಮಾಡಿದರೆ ಎರಡು ಪಟ್ಟು. ಆಕಾಶ ಒಂದು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಕಪ್ಪಾದರೆ ಅದೇ ಗುಣಮಟ್ಟಕ್ಕೆ ಬೇಕಾದ ಹೊತ್ತು ಎರಡೂವರೆ ಪಟ್ಟು ಕಡಿಮೆ. ಎರಡು ಮ್ಯಾಗ್ನಿಟ್ಯೂಡ್ ಕಪ್ಪಾದರೆ ಆರು ಪಟ್ಟು.

ನಮ್ಮ ಅಕ್ಷಾಂಶ ಇಲ್ಲಿ ಅನುಕೂಲ. ನೆಬ್ಯುಲಾದ ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಉತ್ತರ 36.4 ಡಿಗ್ರಿ, ವಿಜಯಪುರದಲ್ಲಿ ಉತ್ತರಕ್ಕೆ 70 ಡಿಗ್ರಿ ಎತ್ತರ ಏರುತ್ತದೆ. 30 ಡಿಗ್ರಿಗಿಂತ ಮೇಲೆ ಎಂಟೂವರೆ ತಾಸು ಇರುತ್ತದೆ. ಡಿಸೆಂಬರ್ ನಡುವಿನಲ್ಲಿ ರಾತ್ರಿ 11ರ ಸುಮಾರಿಗೆ ನೆತ್ತಿಯ ರೇಖೆ ದಾಟುತ್ತದೆ. ಕತ್ತಲಾದ 7.15ರಿಂದ ಬೆಳಗಿನ 3ರವರೆಗೆ ಒಂದೇ ರಾತ್ರಿಯಲ್ಲಿ ಏಳು ತಾಸು ಸಿಗಬಹುದು. ಜನವರಿ ನಡುವಿಗೆ ರಾತ್ರಿ ಒಂದರ ಹೊತ್ತಿಗೇ 30 ಡಿಗ್ರಿಗೆ ಇಳಿದಿರುತ್ತದೆ.

ಗುಮ್ಮಟ_ನೋಟ, ವಿಜಯಪುರ

ಭಾಳ ಉಪಕಾರ ಆತ್ರಿ. ಅಕ್ಕಾರ, 2ಐದಾಗ ಒಂದ ಅಕ್ಷಕ್ಕ ಮೋಟರ್ ಐತಿ, ಡಿದರಿಂಗ್ ಹೆಂಗ ಮಾಡೂದು? ಫ್ಲ್ಯಾಟಿಗೆ ಪ್ಯಾನೆಲ್ ಇಲ್ಲದ ನಡೀತೈತೇನ್ರಿ? ಮತ್ತ ಕತ್ತಲ ಜಾಗ ನಮ್ಮ ಜಿಲ್ಲಾದಾಗ ಯಾವುದು ಚಲೋ?

ರೋಹಿಣಿ_ಬಾದಾಮಿ

ಡಿದರಿಂಗ್ ಕೈಯಿಂದ ಮಾಡಿ. ಹತ್ತು ಫ್ರೇಮಿಗೊಮ್ಮೆ ಇಂಟರ್ವಲೋಮೀಟರ್ (ಫ್ರೇಮ್ ತಾನೇ ತೆಗೆಸುವ ಸಾಧನ) ನಿಲ್ಲಿಸಿ, ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ಗುಂಡಿಯಿಂದ ಸ್ವಲ್ಪ ಸರಿಸಿ, ಡೆಕ್ಲಿನೇಷನ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ. ಫೋಟೋದಲ್ಲಿ 15-20 ಪಿಕ್ಸೆಲ್ ಸರಿದರೆ ಸಾಕು. ಪ್ರತಿ ಸಲ ಬೇರೆ ದಿಕ್ಕಿಗೆ ಸರಿಸಬೇಕು. ಒಂದೇ ಕಡೆ ಸರಿಸುತ್ತ ಹೋದರೆ ನೀವೇ ವಾಕಿಂಗ್ ನಾಯ್ಸ್ ಮಾಡಿದ ಹಾಗೆ. ಮುಂದೆ ಗೈಡಿಂಗ್ ಹಾಕಿದರೂ ಇದರಲ್ಲಿ ಆರ್‌ಎ ಮಾತ್ರ ಗೈಡ್ ಆಗುತ್ತದೆ. ಪಿರಿಯಾಡಿಕ್ ಎರರ್ ಇರುವುದೇ ಆರ್‌ಎದಲ್ಲಿ, ಹಾಗಾಗಿ ಅದಷ್ಟೇ ದೊಡ್ಡ ಲಾಭ. ಪಿಎಚ್‌ಡಿ2 ಗೈಡಿಂಗ್ ಸಾಫ್ಟ್‌ವೇರಿನಲ್ಲಿ ಡೆಕ್ಲಿನೇಷನ್ ಗೈಡಿಂಗ್ ಬಂದ್ ಮಾಡಿ. ತೂಕ ಪೂರ್ವದ ಕಡೆ ಸ್ವಲ್ಪ ಹೆಚ್ಚಿರಲಿ, ಗಿಯರ್ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ.

ಫ್ಲ್ಯಾಟಿಗೆ ಪ್ಯಾನೆಲ್ ಬೇಕಂತಿಲ್ಲ. ತೊಳೆದ ಬಿಳಿ ಧೋತರ ಎರಡು ಮಡಿಕೆ ಮಾಡಿ, ಸುಕ್ಕು ಇಲ್ಲದಂತೆ ಟೆಲಿಸ್ಕೋಪಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ. ಬೆಳಗಾಗುತ್ತಿದ್ದ ಹಾಗೆ, ಸೂರ್ಯ ಹುಟ್ಟುವ ಮುಂಚೆ, ನೆತ್ತಿಯ ಕಡೆ ತಿರುಗಿಸಿ 30 ಫ್ರೇಮ್. ಫೋಕಸ್ ಮುಟ್ಟಬಾರದು, ಕ್ಯಾಮೆರಾ ತಿರುಗಿಸಬಾರದು, ಡ್ಯೂ ಶೀಲ್ಡ್ ಲೈಟ್ ತೆಗೆಯುವಾಗ ಇದ್ದಂತೆಯೇ ಇರಬೇಕು. ಹಿಸ್ಟೋಗ್ರಾಮಿನ ಗುಡ್ಡ ನಡುವಿಗೆ ಅಥವಾ ನಡುವಿಗಿಂತ ಚೂರು ಎಡಕ್ಕೆ ಇರಲಿ. ಬೆಳಕು ಏರುತ್ತಿರುವುದರಿಂದ ಎವಿ ಮೋಡಿನಲ್ಲಿ ಬಿಟ್ಟರೆ ಶಟರ್ ತಾನೇ ಹೊಂದಿಕೊಳ್ಳುತ್ತದೆ. ಐಎಸ್‌ಒ ಮಾತ್ರ ಲೈಟಿನದ್ದೇ ಇರಬೇಕು. ಶಟರ್ ಹತ್ತನೇ ಒಂದು ಸೆಕೆಂಡಿಗಿಂತ ಚುರುಕಾಗಿ ಓಡುತ್ತಿದ್ದರೆ ಇನ್ನೊಂದು ಮಡಿಕೆ ಬಟ್ಟೆ ಹಾಕಿ. ಮೊಬೈಲ್, ಟ್ಯಾಬ್ಲೆಟ್ ಪರದೆಯ ಬೆಳಕಿನಲ್ಲಿ ತೆಗೆಯುವವರು ಶಟರ್ ಇನ್ನೂ ನಿಧಾನ ಇಡಬೇಕು. ಪರದೆ ಮಿಣುಕುವುದು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ.

ಡೋಣಿ_ಹೊಳಿ, ವಿಜಯಪುರ

ಜಾಗದ ಬಗ್ಗೆ ನಾ ಹೇಳತೇನ್ರಿ. ಕತ್ತಲ ಅಂತ ಎಲ್ಲಾರೂ ಆಲಮಟ್ಟಿ ಹಿನ್ನೀರಿನ ಕಡೆ ತೋರಸತಾರ. ಡಿಸೆಂಬರಿನ್ಯಾಗ ನೀರಿನ ದಂಡಿಗೆ ನಡುರಾತ್ರಿಗೇ ಇಬ್ಬನಿ ಇಳೀತೈತಿ, ಗಾಜು ಮಂಜಾತಂದ್ರ ಚುಕ್ಕಿ ಸುತ್ತ ಬಳಿ ಬರತಾವ, ಆಮ್ಯಾಲೆ ಏನೂ ಬರಂಗಿಲ್ಲ. ದಂಡಿ ಬಿಟ್ಟು ಎರಡು-ಮೂರು ಕಿಲೋಮೀಟರ್ ಒಳಗ, ಸ್ವಲ್ಪ ದಿನ್ನಿ ಮ್ಯಾಲೆ ಹೋಗ್ರಿ. ಯುಎಸ್‌ಬಿ ಡ್ಯೂ ಹೀಟರ್ ಪಟ್ಟಿ ಒಂದು ಗಾಜಿನ ಹಿಂದ ಸುತ್ತಿಬಿಡ್ರಿ, ಪವರ್‌ಬ್ಯಾಂಕಿಗೆ ಹಚ್ಚಿದರ ಸಾಕು. ಗಾಜು ತಣ್ಣಗಾಗೂ ಮುಂಚೇನ ಚಾಲೂ ಇರಬೇಕು, ಮಂಜು ಬಿದ್ದ ಮ್ಯಾಲೆ ಹಚ್ಚಿದರ ಒಣಗಾಕ ಭಾಳ ಹೊತ್ತು ಹಿಡೀತೈತಿ.

ನಮ್ಮದು ಎರಿ ನೆಲ. ಮಳಿಗಾಲ ಮುಗಿದ ಮ್ಯಾಲೂ ಟ್ರೈಪಾಡಿನ ಕಾಲು ತಾಸಿಗಿಷ್ಟು ಇಳೀತಾವ, ಅಲೈನ್‌ಮೆಂಟ್ ತಾನಾಗೇ ಕೆಡತೈತಿ. ಮೂರೂ ಕಾಲಿನ ಕೆಳಗ ಒಂದೊಂದು ಫರಸಿ ತುಂಡು ಇಡ್ರಿ. ಒಂದು ತಾಸಿನ ಮ್ಯಾಲೆ ಇನ್ನೊಮ್ಮೆ ಅಲೈನ್‌ಮೆಂಟ್ ನೋಡ್ರಿ.

ಕಬ್ಬಿನ ಹಂಗಾಮು ಇದ ಹೊತ್ತಿಗೆ ಇರತೈತಿ. ಕಡದ ಹೊಲದಾಗ ರವದಿಗೆ ಬೆಂಕಿ ಹಚ್ಚಿದರ ಹೊಗಿ ರಾತ್ರಿ ಗಾಳಿ ನಿಂತ ಮ್ಯಾಲೆ ನೆಲದ ಹತ್ತರನ ಹಾಸಿಕೊಂಡಿರತೈತಿ, ಉತ್ತರದ ಕೆಳಗಿನ ಆಕಾಶ ಮೊದಲು ಹೋಗತೈತಿ. ಕಾರ್ಖಾನಿ ರಸ್ತಿ ಮಗ್ಗಲ ಬ್ಯಾಡ, ಟ್ರ್ಯಾಕ್ಟರು ರಾತ್ರಿಯೆಲ್ಲಾ ಓಡತಾವ, ತಿರುವಿನ್ಯಾಗ ಅವುಗಳ ಲೈಟು ಸೀದಾ ಟೆಲಿಸ್ಕೋಪಿನ ಬಾಯಿಗೆ. ಪಂಪ್‌ಸೆಟ್ಟಿಗೆ ರಾತ್ರಿ ತ್ರೀಫೇಸ್ ಕೊಡೋ ದಿನ ಯಾವುದು ಅಂತ ಹೊಲದವರನ್ನ ಕೇಳಿ ಹೋಗ್ರಿ. ಕರೆಂಟ್ ಬಂತಂದ್ರ ಹೊಲಹೊಲಕ್ಕ ಎಲ್‌ಇಡಿ ಹತ್ತತಾವ. ಸಿಂದಗಿ, ಇಂಡಿ ಕಡೆ ಒಣಬೇಸಾಯದ ಜೋಳದ ಹೊಲ ಚಲೋ, ಇಬ್ಬನಿ ಕಮ್ಮಿ, ಪಂಪ್ ಕಮ್ಮಿ. ಹೊಲದವರಿಗೆ ಮೊದಲ ಹೇಳ್ರಿ, ನಡುರಾತ್ರಿ ಕೆಂಪು ಟಾರ್ಚ್ ಹಿಡಿದು ನಿಂತರ ಕಳ್ಳರು ಅಂತ ಊರ ಮಂದಿ ಕೂಡತಾರ.

ಕ್ಯಾಮೆರಾದ ಬ್ಯಾಟರಿ ಚಳಿಯಾಗ ಎರಡು-ಮೂರು ತಾಸಿಗೆ ಮಲಗತೈತಿ, ಬದಲಿಸಾಕ ಹೋದರ ಫ್ರೇಮಿಂಗ್ ಸರೀತೈತಿ. ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗದಾಗ ಕೂಡೋ ತಂತಿಯ ಡಬ್ಬಿ) ತಗೊಂಡು, 12 ವೋಲ್ಟಿನ ಬ್ಯಾಟರಿಯಿಂದ ಬಕ್ ಕನ್ವರ್ಟರ್ ಹಾಕಿ ಸುಮಾರು 7.4 ವೋಲ್ಟಿಗೆ ಇಳಿಸಿ ಕೊಡ್ರಿ. ಕ್ಯಾಮೆರಾಕ್ಕ ಹಚ್ಚೋ ಮುಂಚೆ ಮಲ್ಟಿಮೀಟರ್‌ಲೆ ವೋಲ್ಟೇಜ್ ನೋಡಬೇಕು, ಸೀದಾ 12 ಹೋದರ ಬೋರ್ಡ್ ಸುಡತೈತಿ.

ಕುಂದಾನಗರಿ_ಲೆನ್ಸ್, ಬೆಳಗಾವಿ

ಬೆಳಗಾವಿ ಕಡೆಯವರು ಇದ್ದರ ಹೇಳತೇನಿ: ಖಾನಾಪುರ, ಜಾಂಬೋಟಿ ಕಡೆ ಆಕಾಶ ಭಾಳ ಕಪ್ಪು, ಆದರ ಗಿಡ ಜಾಸ್ತಿ, ಉತ್ತರ ದಿಕ್ಕು ತೆರೆದ ಜಾಗ ಹಗಲೇ ಹುಡುಕಿ ಇಟ್ಕೋಬೇಕು. ಭೀಮಗಡ ಅಭಯಾರಣ್ಯದ ಒಳಗ ರಾತ್ರಿ ಹೋಗೂ ವಿಚಾರ ಬ್ಯಾಡ.

ಫೋಕಸ್ ಬಗ್ಗೆ ಯಾರೂ ಹೇಳಲಿಲ್ಲ. ಬಾಹ್ಟಿನೋವ್ ಮಾಸ್ಕ್ (ಚುಕ್ಕಿಗೆ ಮೂರು ಗೆರಿ ಬರಸೋ ಮುಚ್ಚಳ) ಹಾಕಿ ಬ್ರಹ್ಮಹೃದಯ ಇಲ್ಲಾ ರೋಹಿಣಿ ನಕ್ಷತ್ರದ ಮ್ಯಾಲೆ ಲೈವ್‌ವ್ಯೂ 10 ಪಟ್ಟು ದೊಡ್ಡದು ಮಾಡಿ, ನಡುವಿನ ಗೆರಿ ಎರಡರ ಮಧ್ಯಕ್ಕ ತರ್ರಿ. ಸಂಜಿಗೆ 26 ಡಿಗ್ರಿ ಇದ್ದದ್ದು ನಸುಕಿಗೆ 15ಕ್ಕ ಬರತೈತಿ, ಟ್ಯೂಬ್ ಕುಗ್ಗಿ ಫೋಕಸ್ ಸರೀತೈತಿ. 3 ಡಿಗ್ರಿ ಇಳಿದಾಗೊಮ್ಮೆ ನೋಡ್ರಿ. ಫ್ರೇಮಿಂಗಿಗೆ ಪಾರ್ಥ (ಪರ್ಸಿಯಸ್) ನಕ್ಷತ್ರಪುಂಜದ ಮೆನ್ಕಿಬ್ ಹಿಡೀರಿ, ನಾಕನೇ ಮ್ಯಾಗ್ನಿಟ್ಯೂಡಿನ ಚುಕ್ಕಿ, ಬರಿಗಣ್ಣಿಗೆ ಕಾಣತೈತಿ. ಈ ನೆಬ್ಯುಲಾ ಹೊಳೆಯೂದು ಅದರ ಬೆಳಕಿನಿಂದನ. ನೆಬ್ಯುಲಾ ಅದರ ಉತ್ತರಕ್ಕ ಒತ್ತಿಕೊಂಡ ಐತಿ. ಮೆನ್ಕಿಬ್ ಫ್ರೇಮಿನ ನಡುವಿಗಿಂತ ಸ್ವಲ್ಪ ದಕ್ಷಿಣಕ್ಕ ಇಟ್ಟು, ಉದ್ದದ ಬದಿ ಪೂರ್ವ-ಪಶ್ಚಿಮಕ್ಕ ತಿರುಗಿಸಿದರ ಪೂರಾ ಕೂಡತೈತಿ.

ಗುಮ್ಮಟ_ನೋಟ, ವಿಜಯಪುರ

ಕಡೀ ಪ್ರಶ್ನಿ. ಇರೋ 90 ಫ್ರೇಮ್ ಬಿಸಾಕೂದೋ, ಉಪಯೋಗ ಐತೋ? ಪ್ರೊಸೆಸಿಂಗ್ ಯಾವ ಕ್ರಮದಾಗ ಮಾಡ್ಲಿ?

ರೋಹಿಣಿ_ಬಾದಾಮಿ

ಬಿಸಾಕಬೇಡಿ. ಕ್ಯಾಮೆರಾವನ್ನು ಟೆಲಿಸ್ಕೋಪಿನಿಂದ ಇನ್ನೂ ಬಿಚ್ಚಿಲ್ಲ, ತಿರುಗಿಸಿಲ್ಲ ಅಂದರೆ ಇವತ್ತೇ ಫ್ಲ್ಯಾಟ್ ತೆಗೆದರೂ ಹೊಂದುತ್ತದೆ. ಬಿಚ್ಚಿದ್ದರೆ ಸೆನ್ಸರಿನ ಧೂಳಿನ ಕಲೆ ಹೊಂದುವುದಿಲ್ಲ, ವಿನ್ಯೆಟಿಂಗ್ ಮಟ್ಟಿಗೆ ಬಹುಪಾಲು ಸರಿಹೋಗುತ್ತದೆ.

ಸಿರಿಲ್‌ನಲ್ಲಿ ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಅಂತ ನಾಲ್ಕು ಫೋಲ್ಡರ್ ಮಾಡಿ ಒಎಸ್‌ಸಿ (ಬಣ್ಣದ ಕ್ಯಾಮೆರಾ) ಪ್ರಿಪ್ರೊಸೆಸಿಂಗ್ ಸ್ಕ್ರಿಪ್ಟ್ ಓಡಿಸಿ. ಅದಕ್ಕೂ ಮೊದಲು ಉದ್ದ ಚುಕ್ಕಿಯ ಫ್ರೇಮ್‌ಗಳನ್ನು ತೆಗೆದುಹಾಕಿ. ತೀರಾ ಕಟ್ಟುನಿಟ್ಟು ಬೇಡ, ಒಂದೂವರೆ ಪಿಕ್ಸೆಲ್ ಉದ್ದವಾದದ್ದು ನೆಬ್ಯುಲಾಕ್ಕೆ ಏನೂ ಮಾಡುವುದಿಲ್ಲ. ಸಿಗ್ಮಾ ಕ್ಲಿಪ್ಪಿಂಗಿಗೆ (ಉಳಿದವಕ್ಕೆ ಹೊಂದದ ಪಿಕ್ಸೆಲ್ ಕೈಬಿಡುವುದು) ಕನಿಷ್ಠ 20 ಫ್ರೇಮ್ ಇದ್ದರೆ ವಿಮಾನ, ಉಪಗ್ರಹದ ಗೆರೆ ಹೋಗುತ್ತವೆ.

ಸ್ಟ್ಯಾಕ್ ಆದಮೇಲೆ ಅಂಚು ಕತ್ತರಿಸಿ. ಆಮೇಲೆ ಗ್ರೇಡಿಯೆಂಟ್ (ಹಿನ್ನೆಲೆ ಬೆಳಕಿನ ಏರಿಳಿತ) ತೆಗೆಯುವುದು, ಸ್ಟ್ರೆಚ್ ಮಾಡುವ ಮೊದಲೇ. ಇಲ್ಲಿ ಜನ ನೆಬ್ಯುಲಾವನ್ನೇ ಅಳಿಸಿಬಿಡುತ್ತಾರೆ: ಗ್ರಾಎಕ್ಸ್‌ಪರ್ಟ್ ಸಾಫ್ಟ್‌ವೇರ್ ಆಗಲಿ, ಸಿರಿಲ್‌ನ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಆಗಲಿ, ಸ್ಯಾಂಪಲ್ ಚೌಕಗಳನ್ನು ತಾನೇ ಇಡುವಾಗ ನೆಬ್ಯುಲಾದ ಮಸುಕು ಅಂಚಿನ ಮೇಲೂ ಇಡುತ್ತದೆ, ಅದನ್ನು ಊರಿನ ಬೆಳಕು ಅಂತ ತಿಳಿದು ಕಳೆಯುತ್ತದೆ. ನೆಬ್ಯುಲಾದ ಸುತ್ತ ಅರ್ಧ ಡಿಗ್ರಿ ಬಿಟ್ಟು ಒಳಗಿನ ಚೌಕಗಳನ್ನೆಲ್ಲ ಕೈಯಿಂದ ತೆಗೆಯಿರಿ. ನಿಮ್ಮ ಡೇಟಾಕ್ಕೆ ಪಾಲಿನಾಮಿಯಲ್ ಡಿಗ್ರಿ 1 ಅಥವಾ 2 ಸಾಕು. ಬಣ್ಣದ ಕ್ಯಾಲಿಬ್ರೇಷನ್ ಅದಾದ ಮೇಲೆ. ಸ್ಟಾರ್‌ನೆಟ್ ಹಾಕಿ ಚುಕ್ಕಿ ಬೇರೆ ಮಾಡಿ, ಚುಕ್ಕಿ ಇಲ್ಲದ ಚಿತ್ರವನ್ನು ಹೈಪರ್ಬಾಲಿಕ್ ಸ್ಟ್ರೆಚ್‌ನಲ್ಲಿ ಮೂರ್ನಾಲ್ಕು ಸಣ್ಣ ಹೆಜ್ಜೆಯಲ್ಲಿ ಏರಿಸಿ, ಚುಕ್ಕಿಗಳನ್ನು ಕಡಿಮೆ ಏರಿಸಿ ಮತ್ತೆ ಸೇರಿಸಿ.

ಮುಂದೆ ಫಿಲ್ಟರ್ ಹಾಕಿದರೆ ಒಎಸ್‌ಸಿ ಎಕ್ಸ್‌ಟ್ರಾಕ್ಟ್ ಎಚ್‌ಎ ಸ್ಕ್ರಿಪ್ಟ್ ಬಳಸಿ, ಕೆಂಪು ಪಿಕ್ಸೆಲ್ ಮಾತ್ರ ಬೇರೆ ತೆಗೆಯುತ್ತದೆ. ಆ ಆಲ್ಫಾವನ್ನು ಈಗಿನ ಬಣ್ಣದ ಸ್ಟ್ಯಾಕಿನ ಕೆಂಪು ಚಾನೆಲ್ಲಿಗೆ ಸೇರಿಸಬಹುದು, ಚುಕ್ಕಿಗಳ ಸಹಜ ಬಣ್ಣ ಈ 90 ಫ್ರೇಮಿನಿಂದಲೇ ಬರುತ್ತದೆ. ಆಲ್ಫಾ-ಆಕ್ಸಿಜನ್ ಬೆರೆಸಿ ನೀಲಿ ತರಲು ಹೋಗಬೇಡಿ, ಇದರಲ್ಲಿ ಆಕ್ಸಿಜನ್ ಹೆಸರಿನಲ್ಲಿ ಬರುವುದು ಬರೀ ನಾಯ್ಸ್.

ಘಟಪ್ರಭಾ_ದಂಡಿ, ಬಾಗಲಕೋಟೆ

ಗುಮ್ಮಟ ಸರ್, ಗೈಡಿಂಗ್ ತರೋ ತನಕ 60 ಸೆಕೆಂಡಿನ ಬದ್ಲಿ 30 ಸೆಕೆಂಡ್ ಇಟ್ಟು ಫ್ರೇಮ್ ಇಮ್ಮಡಿ ಮಾಡಿ ನೋಡ್ರಿ. ಸಿಗ್ಮಾ ಲೆಕ್ಕ ಎರಡು ಪಟ್ಟಿಗಿಂತ ಕೆಳಗ ಇಳೀಲಿಲ್ಲ ಅಂದ್ರ 30ರಾಗ ನಿಲ್ರಿ, ಬಿಸಾಕೋ ಫ್ರೇಮ್ ಭಾಳ ಕಮ್ಮಿ ಆಗತಾವ. ಮೆಮೊರಿ ಕಾರ್ಡ್ 64 ಜಿಬಿ ಇರಲಿ, ಏಳು ತಾಸಿಗೆ 800ರ ಮ್ಯಾಲೆ ರಾ ಫೈಲ್ ಆಗತಾವ. ಸಿರಿಲ್ ಓಡಸಾಕ ಡಿಸ್ಕಿನ್ಯಾಗ ಅದರ ಎಷ್ಟೋ ಪಟ್ಟು ಜಾಗ ಖಾಲಿ ಇಟ್ಕೋರಿ.